ಹಿಮ್ಮಡಿಯ ಬೊಬ್ಬೆ

ಎಪ್ಪತ್ತರ ದಶಕದಲ್ಲಿ ಕಾರ್ಖಾನೆಯವರು ನನ್ನನ್ನು ತರಬೇತಿಗೆಂದು ಇಟಲಿಗೆ ಕಳಿಸಿದ್ದರು. ಭಾನುವಾರ ಬಂತೆಂದರೆ ದ್ರಾಕ್ಷಿ ತೋಟಗಳ ನಡುವೆ ಗುಡ್ಡ ಹತ್ತುವುದು, ನೆತ್ತಿಯ ಮೇಲಿನ ಹಳೇ ಕೋಟೆಯೂರನ್ನು ಸುತ್ತಿ, ಬ್ರೆಡ್ಡು ಚೀಸು ತಿಂದು ಇಳಿಯುವುದು. ಮೊದಲ ಸಲ ಹೊಸ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಹೆಂಡತಿಗೆ ಬರೆದ ಕಾಗದದಲ್ಲಿ ಅದನ್ನೇ ಮಹಾ ಸಾಹಸವೆಂಬಂತೆ ಬಣ್ಣಿಸಿದೆ. ಆಮೇಲಿನ ಕಾಗದಗಳ ತುಂಬ ಬರೀ ಗುಡ್ಡ, ಗೋಪುರ, ಕಲ್ಲುಹಾಸಿನ ಬೀದಿ.

ಚಳಿಗಾಲ ಕಳೆದ ಮೇಲೆ ಊರಿಗೆ ಮರಳಿದೆ. ಬೈಯಪ್ಪನಹಳ್ಳಿಯ ಮನೆಬಾಗಿಲಲ್ಲಿ ಸೂಟ್‌ಕೇಸು ಇಳಿಸುವ ಮೊದಲೇ ಅವಳು ಕೇಳಿದಳು: "ಬೊಬ್ಬೆ ವಾಸಿ ಆಯ್ತೇನ್ರೀ?"

"ಯಾವ ಬೊಬ್ಬೆ?" ಎಂದೆ, ದಡ್ಡ.

ಅವಳ ಹಿಂದೆ ನಿಂತಿದ್ದ ಅತ್ತೆ ಹೇಳಿದರು: "ನಿಮ್ಮ ಕಾಲು ವಾಸಿ ಆಗೋವರ್ಗೂ ಚಪ್ಪಲಿ ಮೆಟ್ಟಲ್ಲ ಅಂತ ಶಿವಾಜಿನಗರದ ಚರ್ಚಿನ ಮೇರಿಯಮ್ಮನಿಗೆ ಹರಕೆ ಹೊತ್ಳು. ಹಲಸೂರು ಮಾರ್ಕೆಟ್ಟಿಗೂ ಬರಿಗಾಲಲ್ಲೇ ಹೋಗ್ಬರ್ತಾಳೆ. ವಾಸಿ ಆಯ್ತು ಅಂತ ನೀವು ಬರೀಲೇ ಇಲ್ವಲ್ಲ."

"ಹೋಗ್ಲಿ ಬಿಡಮ್ಮ. ಎಲ್ಲಿ, ತೋರ್ಸಿ" ಎನ್ನುತ್ತ ಅವಳು ಬಿರಿದ ಹಿಮ್ಮಡಿಗಳ ಮೇಲೆ ಕುಕ್ಕರುಗಾಲಲ್ಲಿ ಕೂತು, ನನ್ನ ಇಟಲಿಯ ಬೂಟಿನ ಲೇಸು ಬಿಚ್ಚತೊಡಗಿದಳು.