ಬೂಷ್ಟಿನ ಮಾವನ ಮಾನ

ಶತ್ರುವನ್ನು ಸಾಕುವುದಕ್ಕೂ ಸಂಬಳ ಕೊಡುತ್ತಾರೆಂದು ನಮ್ಮ ಸೋದರಮಾವ ಹೇಳಿದಾಗ ಯಾರೂ ನಂಬಿರಲಿಲ್ಲ. ಬೆಳೆರೋಗದ ಪ್ರಯೋಗಶಾಲೆಯ ಹಿಂಬದಿಗೆ ಕಿಟಕಿಯಿಲ್ಲದ ಒಂದು ಒದ್ದೆ ಕೋಣೆ. ಸೌತೆ ಎಲೆಯನ್ನು ಕೊಳೆಸುವ ಶಿಲೀಂಧ್ರ ಅಲ್ಲಿ ಗಾಜಿನ ತಟ್ಟೆಗಳ ಮೇಲೆ ಬೂದುಬಣ್ಣದ ತುಪ್ಪಳ ಬಿಟ್ಟುಕೊಂಡು ಮಹಾರಾಜನಂತೆ ಮಲಗಿರುತ್ತಿತ್ತು. ಹೊತ್ತಿಗೆ ಸರಿಯಾಗಿ ಅದಕ್ಕೆ ಉಣಿಸಿ, ಹೊಸ ತಟ್ಟೆಗೆ ದಾಟಿಸಿ, ಗಟ್ಟಿಮುಟ್ಟಾಗಿ ಇಡುವುದೇ ಮಾವನ ಉದ್ಯೋಗ. ಔಷಧದ ತಾಕತ್ತು ನೋಡಬೇಕಾದರೆ ಎದುರಾಳಿ ಬಡಕಲಾಗಿರಬಾರದಲ್ಲ. ಹೀಗಾಗಿ ಪ್ರಯೋಗಶಾಲೆಗೆಲ್ಲ ಅವರು ಬೂಷ್ಟಿನ ಮಾವ. ಮನೆಯಲ್ಲಿ ಅತ್ತೆ ಅವರನ್ನು ಬ್ರೆಡ್ಡಿನ ಡಬ್ಬಿಯ ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ.

ಕೋಣೆಯ ತೇವ ಮಾವನ ಮಂಡಿಗಳಿಗೂ ಇಳಿದಿತ್ತು. ಮೇಲಿನ ಮಹಡಿಯಲ್ಲಿ, ಬಿಸಿಲು ಬೀಳುವ ಕಿಟಕಿಯ ಪಕ್ಕ, ಬೀಜ ಆರಿಸುವವರ ಕುರ್ಚಿಯೊಂದು ಖಾಲಿಯಿತ್ತು. ಒದ್ದೆ ಕೋಣೆ ಮುಚ್ಚಿದ ದಿನ ಅದು ನಿಮ್ಮದು ಎಂದು ವಿಜ್ಞಾನಿ ಮೇಡಂ ಮಾತು ಕೊಟ್ಟಿದ್ದರು. ಅಂದಿನಿಂದ ಮಾವ ಕುಂಟುತ್ತ ಮೆಟ್ಟಿಲು ಹತ್ತಿ, ತೊಟ್ಟಿಲಲ್ಲಿರುವ ಮಗುವನ್ನು ನೋಡುವವರ ಹಾಗೆ ಅದನ್ನು ನೋಡಿ ಬರುತ್ತಿದ್ದರು.

ಆ ವರ್ಷ ಮೇಡಂ ಮಣ್ಣಿನ ಬ್ಯಾಕ್ಟೀರಿಯವೊಂದು ತಾನಾಗಿ ಸುರಿಸುವ ರಸವನ್ನು ಬೇರ್ಪಡಿಸಿದ್ದರು. ಅದು ಶಿಲೀಂಧ್ರದ ಹೊರಪೊರೆಗೆ ತೂತು ಕೊರೆಯುತ್ತದೆ. ಒಳಗಿನದೆಲ್ಲ ಸೋರಿ ಮಹಾರಾಜರು ಎಲೆಯ ಹೊಸ್ತಿಲಲ್ಲೇ ಮಡಿಯುತ್ತಾರೆ, ಎಲೆಗೆ ಏನೂ ಆಗುವುದಿಲ್ಲ. ಸೌತೆ ಸಸಿಗಳ ಒಂದು ಸಾಲಿಗೆ ರಸ, ಇನ್ನೊಂದಕ್ಕೆ ಬರೀ ನೀರು, ಆಮೇಲೆ ಎರಡಕ್ಕೂ ಮಾವನ ಬೂಷ್ಟು. ನೀರಿನ ಸಾಲು ಕೊಳೆತು ರಸದ ಸಾಲು ಉಳಿದರೆ ಗೆಲುವು.

ಎರಡೂ ಸಾಲು ಹಚ್ಚಗೆ ನಿಂತವು.

ಮೇಡಂ ನೀರಿನ ಸಾಲಿನ ಎಲೆಗಳನ್ನು ತಿರುವಿ ತಿರುವಿ ನೋಡಿದರು. "ನಿಮ್ಮ ಬೂಷ್ಟಿಗೆ ವಯಸ್ಸಾಯ್ತು ಮಾವ, ಕಸುವೇ ಇಲ್ಲ. ಎಸೆದು ಕೋಣೆ ಮುಚ್ಚಿಬಿಡಿ. ರಸಾನ ಬೇರೆ ಕಡೆ ಪರೀಕ್ಷೆಗೆ ಕಳಿಸ್ತೀನಿ. ನೀವು ನಾಳೆಯಿಂದ ಮೇಲೆ ಕೂತ್ಕೊಳ್ಳಿ."

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮಂಡಿಗಳೆರಡೂ ಒಮ್ಮತದಿಂದ ಅದೇ ಸಲಹೆ ಕೊಟ್ಟವು. ಆದರೆ ನಡೆದದ್ದೇನೆಂದು ಮಾವನಿಗೆ ಹೊಳೆದುಹೋಗಿತ್ತು. ನಲ್ಲಿಯವರೆಗೆ ಹೋಗಿಬರಲು ಕಾಲು ಏಳದೆ, ರಸ ಹೊಡೆದ ಕೈಪಂಪನ್ನು ತೊಳೆಯದೆಯೇ ಅದಕ್ಕೆ ಪಕ್ಕದ ಬಕೆಟ್ಟಿನ ನೀರು ತುಂಬಿ ಇನ್ನೊಂದು ಸಾಲಿಗೆ ಹೊಡೆದಿದ್ದರು. ತಳದಲ್ಲಿ ಉಳಿದಿದ್ದ ರಸವೇ ಆ ಸಾಲನ್ನೂ ಕಾದಿತ್ತು. ಇಷ್ಟು ವರ್ಷ ಉಣಿಸಿ ಬೆಳೆಸಿದ ವೀರ ಈಗ ಕೈಲಾಗದವನೆಂಬ ಹೆಸರು ಹೊತ್ತು ಚರಂಡಿಗೆ ಹೋಗಬೇಕು.

"ಬೂಷ್ಟನ್ನ ಅನ್ಬೇಡಿ ಮೇಡಂ," ಎಂದರು ಮಾವ. "ಅದು ಗಟ್ಟಿಯಾಗೇ ಇದೆ. ಪಂಪು ತೊಳೀದೇ ಇದ್ದೋನು ನಾನು."

ಮೇಡಂ ಮೊದಲು ಸಿಡುಕಿದರು. ಆಮೇಲೆ ಪಂಪಿನ ತಳವನ್ನು ಬಗ್ಗಿ ನೋಡಿ, ಇಷ್ಟೇ ಇಷ್ಟು ರಸಕ್ಕೆ ಈ ಪ್ರತಾಪವೇ ಎಂದು ಬೆರಗಾದರು. ಆ ಬೆರಗೇ ಮಾವನಿಗೆ ಮುಳುವಾಯಿತು. ಎಷ್ಟು ತೆಳುವಾದ ರಸ ಸಾಕೆಂದು ಈಗ ಸಾಲು ಸಾಲು ಸಸಿ ನೆಟ್ಟು ನೋಡಬೇಕು. ಒದ್ದೆ ಕೋಣೆ ಸದ್ಯಕ್ಕೆ ಮುಚ್ಚುವ ಮಾತೇ ಇಲ್ಲ.

ಸಂಜೆ ಅತ್ತೆ ಮಂಡಿಗೆ ಎಣ್ಣೆ ತಿಕ್ಕುತ್ತ ಎಲ್ಲ ಕೇಳಿಸಿಕೊಂಡರು. "ನಿಮ್ಮಮ್ಮ ನನ್ನನ್ನ ಅಂದಾಗ ಒಂದ್ಸಲನಾದ್ರೂ ಹೀಗೆ ಬಾಯಿ ಬಿಟ್ಟಿದ್ರಾ?"

ಮರುದಿನ ಮಾವ ಒದ್ದೆ ಕೋಣೆಯಿಂದ ಗೋಡೆ ಹಿಡಿದುಕೊಂಡು ನಲ್ಲಿಯವರೆಗೆ ನಡೆದು ಪಂಪು ತೊಳೆದರು. ವಾಪಸು ಅರ್ಧ ದಾರಿ ಬಂದವರು ಯಾಕೋ ಅನುಮಾನವಾಗಿ, ನಿಟ್ಟುಸಿರು ಬಿಟ್ಟು, ಮತ್ತೆ ನಲ್ಲಿಯ ಕಡೆ ತಿರುಗಿದರು.