ಮೂವತ್ತಮೂರನೆಯ ಕಡ್ಡಿ

ನನ್ನ ಸಂಶೋಧನೆಯ ಕಾಗದಗಳನ್ನು ಇಲಿ ಕಡಿಯದೇ ಹೋಗಿದ್ದರೆ ನಾನು ಆ ಚಾಚಾನ ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗದಗಿನ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಮನೆ ಬೆಟಗೇರಿಯಲ್ಲಿ. ಗಂಡನಿಗೆ ಹುಬ್ಬಳ್ಳಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ, ಇಬ್ಬರೇ. ಪಾಠದ ಜೊತೆಗೆ ಪಿಎಚ್.ಡಿ.ಗೂ ಹೆಸರು ಹಚ್ಚಿದ್ದೆ. ಮಾರ್ಗದರ್ಶಕರು ಬೆಂಗಳೂರಿನವರು. ನಮ್ಮಿಬ್ಬರ ವ್ಯವಹಾರವೆಲ್ಲ ಅಂಚೆಯಲ್ಲೇ ನಡೆಯುತ್ತಿತ್ತು.

ನಾನು ಮಾಡುತ್ತಿದ್ದ ಕೆಲಸ ಕೇಳಲು ಕಠಿಣ, ಮಾಡಲು ಬರೀ ತಾಳ್ಮೆಯದು. ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಸರಪಳಿ. ಅದು ನೆಟ್ಟಗೆ ನಿಂತಿರುವುದಿಲ್ಲ, ಮಡಚಿ ಸುತ್ತಿ ಮುದ್ದೆಯಾಗಿ ಕೂತಿರುತ್ತದೆ. ಹಾಗಾಗಿ ಸರಪಳಿಯ ಐದನೆಯ ಕೊಂಡಿ ಎಲ್ಲೋ ತುದಿಯಲ್ಲಿರುವ ಐವತ್ತೈದನೆಯ ಕೊಂಡಿಗೆ ತಾಗಿಕೊಂಡಿರಬಹುದು. ಯಾವ ಕೊಂಡಿ ಯಾವುದಕ್ಕೆ ತಾಗಿದೆ ಎಂದು ಪಟ್ಟಿ ಮಾಡುವುದು ನನ್ನ ಪಾಲಿಗೆ ಬಂದ ಕೆಲಸ. ಗುರುಗಳು ಕಂಪ್ಯೂಟರಿನಲ್ಲಿ ಅಚ್ಚಾದ ಉದ್ದನೆಯ ಕಾಗದ ಕಳಿಸಿದ್ದರು. ಐವತ್ತೆಂಟು ಕೊಂಡಿಗಳು. ಒಂದೊಂದಕ್ಕೂ ಮೂರು ಅಂಕಿ: ಎಡಬಲ ಎಷ್ಟು, ಹಿಂದೆಮುಂದೆ ಎಷ್ಟು, ಎತ್ತರ ಎಷ್ಟು. ಅಳತೆ ಆಂಗ್‌ಸ್ಟ್ರಾಮ್‌ನಲ್ಲಿ, ಅಂದರೆ ಕಣ್ಣಿಗೆ ಎಟುಕದಷ್ಟು ಸಣ್ಣದು. ಎರಡು ಕೊಂಡಿಗಳ ಅಂತರ ಎಂಟರೊಳಗೆ ಬಂದರೆ ತಾಗಿವೆ ಎಂದು ಲೆಕ್ಕ. ತಾಗಿದ್ದಕ್ಕೆಲ್ಲ ಗ್ರಾಫ್ ಹಾಳೆಯ ಮೇಲೆ ಒಂದು ಕಪ್ಪು ಚೌಕ.

ಮೊದಲು ಅಂಕಿಗಳನ್ನು ನೋಟುಬುಕ್ಕಿಗೆ ಇಳಿಸಿಕೊಂಡೆ. ಆಮೇಲೆ ಕಾಲೇಜಿನ ಕ್ಯಾಲ್ಕುಲೇಟರ್ ಮನೆಗೆ ತಂದು ಒಂದೂವರೆ ಸಾವಿರಕ್ಕೂ ಹೆಚ್ಚು ಜೋಡಿಗಳ ಅಂತರ ತೆಗೆದೆ. ಸರಪಳಿಯಲ್ಲಿ ಪಕ್ಕಪಕ್ಕದಲ್ಲೇ ಇರುವ ಜೋಡಿಗಳನ್ನು ಮಾತ್ರ ಬಿಟ್ಟೆ. ಅವುಗಳ ಅಂತರ ಯಾವತ್ತೂ 3.8 ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದದ್ದನ್ನು ಮತ್ತೆ ಲೆಕ್ಕ ಹಾಕುವುದು ಯಾತಕ್ಕೆ? ಲೆಕ್ಕದಲ್ಲಿ ನನಗೆ ಮೊದಲಿನಿಂದಲೂ ಧೈರ್ಯ ಜಾಸ್ತಿ.

ಫಲಿತಾಂಶದಲ್ಲಿ ಒಂದು ಸೋಜಿಗ ಕಂಡಿತು. ಮೂವತ್ತಮೂರನೆಯ ಕೊಂಡಿ ದೂರದ ಯಾವುದಕ್ಕೂ ತಾಗಿರಲಿಲ್ಲ. ಎಲ್ಲವೂ ಒತ್ತೊತ್ತಾಗಿ ಕೂತಿರುವಾಗ ಅದೊಂದೇ ಹೊರಗೆ ಚಾಚಿ ನಿಂತಿತ್ತು. ನಾನು ಹಿಗ್ಗಿದೆ. ಇದೇ ಈ ಪ್ರೋಟೀನಿನ ವಿಶೇಷ ಎಂದು ಆರು ಪುಟ ಬರೆದು ಬೆಂಗಳೂರಿಗೆ ಕಳಿಸಿದೆ. ಮದ್ರಾಸಿನಲ್ಲಿ ಒಂದು ವಿಚಾರಗೋಷ್ಠಿ ಇದೆ, ಅಲ್ಲಿ ಇದನ್ನು ಹೇಳೋಣ, ಒಂದು ಮಾದರಿ ಮಾಡಿಸಿದರೆ ಇನ್ನೂ ಚೆನ್ನ ಎಂದು ಗುರುಗಳ ಉತ್ತರ ಬಂತು.

ಅದೇ ವಾರ ಇಲಿ ಗ್ರಾಫ್ ಹಾಳೆಯ ಅಂಚು ತಿಂದಿತು. ಬೋನು ತರಲು ಹೋದೆ.

ಚಾಚಾ ತಂತಿ ಕೆಲಸದವರು. ಬೋನು, ಸಾಣಿಗೆ, ಪಂಜರ ಮಾಡುತ್ತಿದ್ದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಂತೆಗಳಿಗೆ ಒಯ್ದು ಮಾರಿ, ಉಳಿದ ದಿನ ಅಂಗಡಿಯಲ್ಲಿ ಕೂಡುತ್ತಿದ್ದರು. ಅವರ ಬೋನಿನ ತಂತಿಗಳ ನಡುವಿನ ಸಂದು ಎಲ್ಲಿ ನೋಡಿದರೂ ಒಂದೇ ಸಮ. ಅಳತೆಪಟ್ಟಿ ಮಾತ್ರ ಎಲ್ಲೂ ಕಾಣಲಿಲ್ಲ. ನನಗೆ ಬೇಕಾದ ಮನುಷ್ಯ ಇವರೇ ಅನ್ನಿಸಿತು. ನೋಟುಬುಕ್ಕು ತಂದು ತೋರಿಸಿದೆ.

“ಇದು ಯಾತರ ಬೋನರಿ ಅಕ್ಕಾರ?” ಎಂದರು.

“ಬೋನಲ್ಲ ಚಾಚಾ. ದನದ ಮೈಯಾಗ ಇರತೈತಿ, ಕಣ್ಣಿಗೆ ಕಾಣಂಗಿಲ್ಲ. ದೊಡ್ಡದು ಮಾಡಿ ತೋರಸಬೇಕಾಗೇತಿ.”

“ಕಾಣಲಾರದ್ದರ ಅಳತಿ ನಿಮಗ ಹ್ಯಾಂಗ ಸಿಕ್ತು?”

“ಅದರ ಹರಳಿನ ಮ್ಯಾಲೆ ಎಕ್ಸ್‌ರೇ ಬಿಟ್ಟು ಅಳದಾರ.”

“ಅಳದಾರ ಅಂದ್ರ ಆತು. ಕೊಡ್ರಿ.”

ಒಂದು ಆಂಗ್‌ಸ್ಟ್ರಾಮಿಗೆ ಒಂದು ಸೆಂಟಿಮೀಟರು ಎಂದು ಗೊತ್ತುಮಾಡಿದೆವು. ಹಲಗೆಯ ಮೇಲೆ ಐವತ್ತೆಂಟು ತೂತು, ಪ್ರತಿ ತೂತಿಗೂ ಅದರದರ ಎತ್ತರದ ಕಡ್ಡಿ, ಕಡ್ಡಿಯ ತುದಿಗೆ ಒಂದು ಮಣಿ. ಸೊನ್ನೆಗಿಂತ ಕೆಳಗಿನ, ಮೈನಸ್ ಎತ್ತರಗಳೂ ಇದ್ದವು, ಹಾಗಾಗಿ ಎಲ್ಲ ಕಡ್ಡಿಗೂ ಇಪ್ಪತ್ತು ಸೆಂಟಿಮೀಟರು ಕೂಡಿಸಿದೆವು. ಕೊನೆಗೆ ಒಂದನೆಯ ಮಣಿಯಿಂದ ಎರಡನೆಯದಕ್ಕೆ, ಎರಡರಿಂದ ಮೂರಕ್ಕೆ, ಹೀಗೆ ಐವತ್ತೇಳು ತಂತಿ ತುಂಡುಗಳ ಬೆಸುಗೆ. “ತುಂಡು ಎಲ್ಲಾ ಒಂದ ಅಳತಿ, ಮೂರು ಪಾಯಿಂಟ್ ಎಂಟು,” ಎಂದು ಹೇಳಿ ಬಂದೆ. ಅವರು ಐವತ್ತೇಳನ್ನೂ ಮೊದಲೇ ಕತ್ತರಿಸಿಟ್ಟುಕೊಂಡರು.

ಅವರು ಲಕ್ಷ್ಮೇಶ್ವರದಿಂದ ಮರಳಿದ ಮರುದಿನ ಅಂಗಡಿಗೆ ಹೋದೆ. ಇಕ್ಕಳವನ್ನು ಹಲಗೆಯ ಮೇಲಿಟ್ಟು ಸುಮ್ಮನೆ ಕೂತಿದ್ದರು.

“ಅಕ್ಕಾರ, ನಿಮ್ಮ ಅಳತಿ ತಪ್ಪೇತಿ.”

“ಸಾಧ್ಯನ ಇಲ್ಲ ಚಾಚಾ. ಎರಡೆರಡು ಸಲ ನೋಡೇನಿ.”

“ಐವತ್ತೈದು ತುಂಡು ಕುಂತಾವ. ಎರಡು ಕುಂಡ್ರವಲ್ವು. ಈ ಕಡ್ಡಿ ನೋಡ್ರಿ, ಈ ಕಡೀದೂ ಮುಟ್ಟಂಗಿಲ್ಲ, ಆ ಕಡೀದೂ ಮುಟ್ಟಂಗಿಲ್ಲ.”

ಅದು ಮೂವತ್ತಮೂರನೆಯದು. ನಾನು ನಕ್ಕೆ. “ಅದು ಹಂಗ ಇರೋದು ಚಾಚಾ. ಅದೊಂದ ಹೊರಗ ಚಾಚೇತಿ. ಅದ ಇದರ ವಿಶೇಷ.”

ಅವರು ನಗಲಿಲ್ಲ. “ಹೊರಗ ಚಾಚಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸರಪಳಿ ಹರಕೊಂಡು ಹೊರಗ ಹೋಗತೈತೇನ್ರಿ? ಎಲ್ಲಾ ತುಂಡು ಒಂದ ಅಳತಿ ಅಂತ ನೀವ ಹೇಳೀರಿ. ಬೇಕಾದ್ರ ಉದ್ದಂದು ಕಡದು ಹಾಕ್ತೀನಿ. ಆದ್ರ ಆವಾಗ ನಿಮ್ಮ ಮಾತು ಸುಳ್ಳಾಕ್ಕೈತಿ.”

ಅಲ್ಲೇ ಕೂತು ಕಾಗದದ ಚೂರಿನ ಮೇಲೆ ಮೂವತ್ತೆರಡಕ್ಕೂ ಮೂವತ್ತಮೂರಕ್ಕೂ ನಡುವಿನ ಅಂತರ ತೆಗೆದೆ. 3.8 ಬರಬೇಕಾದಲ್ಲಿ ಒಂಬತ್ತರ ಹತ್ತಿರ ಬಂತು. ನಾನು ಗೊತ್ತಿದ್ದದ್ದೇ ಎಂದು ಕೈಬಿಟ್ಟ ಲೆಕ್ಕ ಅದು.

ಮನೆಗೆ ಬಂದು ಬೆಂಗಳೂರಿನ ಕಾಗದ ಬಿಚ್ಚಿದೆ. ಮೂವತ್ತಮೂರರ ಎತ್ತರ 4.2 ಎಂದೇ ಇತ್ತು, ನಾನು ಬರೆದುಕೊಂಡದ್ದೂ ಅದೇ. ಜೋಳ ಹಸನು ಮಾಡುತ್ತಿದ್ದ ಅತ್ತೆ ನನ್ನ ಮುಖ ನೋಡಿ ಎದ್ದು ಬಂದರು. ಅವರು ನಾಲ್ಕನೆಯ ಇಯತ್ತೆವರೆಗೆ ಕಲಿತವರು, ಅಂಕಿಗಳು ಚೆನ್ನಾಗಿ ಗೊತ್ತು. ಕಾಗದವನ್ನು ಕೈ ಚಾಚಿ ದೂರ ಹಿಡಿದರು, ಬೆಳಕಿಗೆ ಓರೆ ಮಾಡಿದರು, ಕೊನೆಗೆ ಮಗುಚಿ ಹಿಂಬದಿಗೆ ಬೆರಳಾಡಿಸಿದರು.

“ಇಲ್ಲಿ ಏನೋ ಒತ್ತೇತಲ್ಲ ಯವ್ವಾ. ನಾಲ್ಕರ ಮುಂದ ಒಂದು ಗೆರಿ ಕೈಗೆ ಹತ್ತತೈತಿ. ಮಸಿ ಹತ್ತಿಲ್ಲ ಅಷ್ಟ.”

ನಾನೂ ಮುಟ್ಟಿ ನೋಡಿದೆ. ಗೆರೆ ಇತ್ತು. ಯಂತ್ರದ ಮಸಿಪಟ್ಟಿ ಅಲ್ಲಿ ತೆಳುವಾಗಿ, ಮೈನಸ್ ಗುರುತು ಒತ್ತಷ್ಟೇ ಬಿದ್ದು ಬಣ್ಣ ಹತ್ತಿರಲಿಲ್ಲ. ಸೊನ್ನೆಯ ಮೇಲೆ ನಾಲ್ಕು ಎಂದುಕೊಂಡದ್ದು ಸೊನ್ನೆಯ ಕೆಳಗೆ ನಾಲ್ಕು. ನನ್ನ ಮೂವತ್ತಮೂರನೆಯ ಕೊಂಡಿ ಇರಬೇಕಾದಲ್ಲಿಗಿಂತ ಸುಮಾರು ಎಂಟೂವರೆ ಆಂಗ್‌ಸ್ಟ್ರಾಮಿನಷ್ಟು ಎತ್ತರದಲ್ಲಿ ಸುಳ್ಳೇ ನಿಂತಿತ್ತು. ಸರಿಯಾದ ಅಂಕಿ ಇಟ್ಟು ಲೆಕ್ಕ ಮಾಡಿದರೆ ಅದು ಮುದ್ದೆಯೊಳಗೆ ಹೋಗಿ ಕೂತಿತು. ಸರಪಳಿಯಲ್ಲಿ ಎಷ್ಟೋ ಹಿಂದಿದ್ದ ಇಪ್ಪತ್ತನೆಯದು, ಇಪ್ಪತ್ತೊಂದನೆಯದು ಅದರ ಬದಿಗೇ ಬಂದವು. ನಾನು ಒಂಟಿ ಎಂದು ಬರೆದ ಕೊಂಡಿಗೆ ಸುತ್ತಲೂ ನೆಂಟರು.

ಖುಷಿಪಡುವ ಹೊತ್ತು ಅದಾಗಿರಲಿಲ್ಲ. ಆರು ಪುಟಗಳು ಆಗಲೇ ಗುರುಗಳ ಕೈಯಲ್ಲಿದ್ದವು. ಮರುದಿನ ಗದಗಿನ ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂತೆ. ಹೇಳಬೇಕಾದ ಮಾತು ಸ್ಪಷ್ಟವಾಗಿತ್ತು. ಲೈನು ಸಿಕ್ಕಾಗ ಸುತ್ತಿ ಬಳಸದೆ ಹೇಳಿದೆ.

“ಸರ್, ನಾನು ಬರೆದದ್ದು ತಪ್ಪು. ಮೂವತ್ತಮೂರು ಹೊರಗಿಲ್ಲ, ಒಳಗಿದೆ. ಪಕ್ಕದ ಜೋಡಿಗಳನ್ನು ನಾನು ನೋಡಿರಲಿಲ್ಲ.”

“ನಾನೂ ನೋಡಬೇಕಾಗಿತ್ತು,” ಎಂದರು ಗುರುಗಳು. “ಒಂದು ತಪ್ಪು ಸಿಕ್ಕಿದೆ ಅಂದರೆ ಇನ್ನೊಂದು ಇರಬಹುದು. ಮೊದಲಿಂದ ಪೂರ್ತಿ ಮಾಡಿ. ಎರಡು ವಾರ ಇದೆ. ಆಗುತ್ತಾ?”

“ಆಗುತ್ತೆ ಸರ್.”

ಆಯಿತು ಕೂಡ. ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ, ಸಂಜೆ ದೀಪ ಹಚ್ಚುವವರೆಗೆ, ಅತ್ತೆ ಓದುವುದು, ನಾನು ಕ್ಯಾಲ್ಕುಲೇಟರ್ ಒತ್ತುವುದು. “ಆರು ಬಿಂದು ಒಂದು, ಮುಂದ ಗೆರಿ ಐತಿ,” ಎಂದು ಪ್ರತಿ ಅಂಕಿಯ ಬೆನ್ನು ಮುಟ್ಟಿಯೇ ಮುಂದೆ ಹೋಗುತ್ತಿದ್ದರು. ನಾನು ಅವಸರ ಮಾಡಿದರೆ, “ತಡಿ, ಜಲ್ದಿ ಮಾಡಿದ್ದಕ್ಕ ಇಷ್ಟ ಆಗೇತಿ,” ಎನ್ನುತ್ತಿದ್ದರು. ಇನ್ನೂ ಒಂದು ಮೈನಸ್ ಸಿಕ್ಕಿತು. ಅದು ಸಣ್ಣ ಅಂಕಿ, ತಂತಿಗೆ ಗೊತ್ತಾಗದಷ್ಟು. ಅದನ್ನು ಹಿಡಿದದ್ದು ಅತ್ತೆಯ ಬೆರಳೇ.

ಚಾಚಾ ಕಡ್ಡಿ ಕಿತ್ತು, ಕತ್ತರಿಸಿ, ಮತ್ತೆ ನೆಟ್ಟರು. ಕೈಯಲ್ಲಿ ಉಳಿದಿದ್ದ ಎರಡು ತುಂಡುಗಳನ್ನು ಇಟ್ಟು ನೋಡಿದರು. ಎರಡೂ ಕೂತವು. “ಈಗ ನಿಮ್ಮ ಮಾತು ಖರೆ ಆತು ನೋಡ್ರಿ,” ಎಂದು ಬೆಸುಗೆಗೆ ಕೈ ಹಾಕಿದರು.

ಮದ್ರಾಸಿನಲ್ಲಿ ಗುರುಗಳು ತಾವು ಮಾತಾಡದೆ ನನ್ನನ್ನೇ ವೇದಿಕೆಗೆ ಕಳಿಸಿದರು. ಮಾದರಿ ಮೇಜಿನ ಮೇಲಿತ್ತು. ಮುಂದಿನ ಸಾಲಿನ ಹಿರಿಯರೊಬ್ಬರು ಅಂಕಿಗಳನ್ನು ಹೇಗೆ ಪರೀಕ್ಷಿಸಿದಿರಿ ಎಂದು ಕೇಳಿದರು. ಬೆಟಗೇರಿಯಲ್ಲಿ ಬೋನು ಮಾಡುವವರೊಬ್ಬರು ಪರೀಕ್ಷಿಸಿದರು, ನಮ್ಮ ಅತ್ತೆ ಮತ್ತೊಮ್ಮೆ ಪರೀಕ್ಷಿಸಿದರು ಎಂದು ನಡೆದದ್ದನ್ನೆಲ್ಲ ಹೇಳಿದೆ. ಕೆಲವರು ನಕ್ಕರು. ಪ್ರಶ್ನೆ ಕೇಳಿದ ಹಿರಿಯರು ನಗದೆ ಎದ್ದು ಬಂದು ಮೂವತ್ತಮೂರನೆಯ ಮಣಿಯ ಎರಡೂ ಬದಿಯನ್ನು ಬಗ್ಗಿ ನೋಡಿದರು. ಪ್ರತಿ ಕೊಂಡಿಯನ್ನೂ ನಾನು ಕೈಯಾರೆ ಬಲ್ಲೆ ಎಂಬ ಭರವಸೆ ನನಗಿತ್ತು. ಅದು ಮೊದಲಿದ್ದ ಧೈರ್ಯಕ್ಕಿಂತ ಬೇರೆಯದು.

ಊರಿಗೆ ಮರಳಿದ ಕೆಲವೇ ದಿನಕ್ಕೆ ಗುರುಗಳ ಇನ್ನೊಂದು ಕಟ್ಟು ಬಂತು, ಹೊಸ ಪ್ರೋಟೀನಿನದು, ಮೊದಲಿನದಕ್ಕಿಂತ ದಪ್ಪ. ಅತ್ತೆ ಅಡಿಗೆಮನೆಯಿಂದಲೇ ಕೇಳಿದರು, “ಈ ಸಲ ಎಷ್ಟ ಕೊಂಡಿ?”

“ನೂರಾ ಇಪ್ಪತ್ತೊಂಬತ್ತರಿ ಅತ್ತಿ.”

“ತಡಿ, ಬ್ಯಾಳಿ ಒಲಿ ಮ್ಯಾಲೆ ಇಟ್ಟು ಬರ್ತೀನಿ. ನಾ ಬರೂಮಟ ಒಂದೂ ಬರಕೋಬ್ಯಾಡ.”