ಮೀನು ತಿನ್ನದ ಮೀನಿನ ಸಾವುಕಾರರು

ನೀರಿಗೆ ಬಗ್ಗುವ ಮೊದಲು ಸಾವುಕಾರರು ಕೊರಳಲ್ಲಿ ನೇತಾಡುವ ಬೆಳ್ಳಿಯ ಕರಡಿಗೆಯನ್ನು ಎಡಗೈಯಿಂದ ಎದೆಗೆ ಒತ್ತಿ ಹಿಡಿಯುತ್ತಿದ್ದರು. ಒಳಗಿನ ಲಿಂಗಕ್ಕೆ ಮೀನಿನ ನೀರು ಸಿಡಿಯಬಾರದು. ಬಲಗೈಯಲ್ಲಿ ಮೀನಿಗೆ ಹಾಕುವ ತೊಗರಿ ಚುನ್ನಿಯ ಉಂಡೆ. ಬೇಳೆ ಒಡೆದ ಮೇಲೆ ಉಳಿಯುವ ಆ ಸಿಪ್ಪೆ, ನುಚ್ಚಿನ ಹಳದಿ ಎಷ್ಟು ತೊಳೆದರೂ ಅವರ ಅಂಗೈಯ ಗೆರೆಗಳಲ್ಲಿ ಉಳಿದೇ ಇರುತ್ತಿತ್ತು.

ವಾಡಿ ಊರಿನ ಹೊರಗೆ ಅವರ ದಾಲ್‌ಮಿಲ್, ಅದರ ಹಿಂದೆ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ಖಣಿ. ಕಲ್ಲು ಮುಗಿದ ಮೇಲೆ ಅಲ್ಲಿ ನೀರು ನಿಂತಿತು. ಸಾವುಕಾರರು ಆ ನೀರಿಗೆ ರೋಹು, ಕಟ್ಲಾ ಮರಿ ಬಿಟ್ಟರು. ಮೊಟ್ಟೆಯನ್ನೂ ಮುಟ್ಟದ ಮನೆತನ! ಊರು ನಕ್ಕಿತು, ನಾನೂ ನಕ್ಕೆ. ನಾನು ದಂಡೋತಿಯ ಹೊಳೆದಂಡೆಯಲ್ಲಿ ಮೀನು ತಿಂದೇ ಬೆಳೆದವಳು, ಅವರ ಮಿಲ್ಲಿನ ಎದುರಿಗೇ ಖಾನಾವಳಿ ಇಟ್ಟವಳು. ತಮ್ಮ ಮೀನಿನ ರುಚಿ ತಿಳಿಯಲು ಅವರಿಗೆ ನನ್ನ ನಾಲಿಗೆಯೇ ಗತಿಯಾಯಿತು.

ಖಾನಾವಳಿಯ ಒಳಗೆ ಅವರು ಬರುತ್ತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತು, ನಾನು ತುತ್ತು ಬಾಯಿಗಿಡುವುದನ್ನೇ ನೋಡುತ್ತಿದ್ದರು.

"ಹ್ಯಾಂಗದ ತಂಗಿ? ಖರೇ ಹೇಳು. ನನ್ನ ಮಾರಿ ನೋಡಿ ಹೇಳಬ್ಯಾಡ."

ಮೊದಲ ಸಲ ತಂದ ರೋಹು ಕೊಯ್ದಾಗ ಕರುಳು ಕೆಂಪಗೆ ಬಾತುಕೊಂಡಿತ್ತು, ಮಾಂಸ ಸಡಿಲ. ಕರೆದು ತೋರಿಸಿದೆ. "ಹಸೀ ಚುನ್ನಿ ಹಾಕಾಕತ್ತೀರಿ. ಇದಕ್ಕ ಅರಗವಲ್ದು ನೋಡ್ರಿ," ಎಂದೆ. ಮೂಗು ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು. ಮರುದಿನ ಮಿಲ್ಲಿನ ಅಂಗಳದಲ್ಲಿ ಲಗ್ನದ ಅಡುಗೆಯ ಹಂಡೆ ಒಲೆ ಏರಿತ್ತು. ನೆನೆಹಾಕಿದ ಚುನ್ನಿಯನ್ನು ಕುದಿಸಿ, ಶೇಂಗಾ ಹಿಂಡಿ, ತೌಡು ಕಲಸಿ ಉಂಡೆ ಕಟ್ಟುತ್ತಿದ್ದರು. "ಮೀನಿನ ಲಗ್ನ ಅದ ಏನ್ರಿ ಸಾವುಕಾರ್ರ?" ಎಂದು ಚುಡಾಯಿಸಿದರೆ, "ಉಂಡವರು ಹರಸ್ತಾರ, ಬಿಡು" ಎಂದರು.

ಆ ಮೇಲೆ ಮೀನು ಗಟ್ಟಿಯಾದವು, ಕೆಸರಿನ ವಾಸನೆಯೂ ಹೋಯಿತು. ಆದರೆ ನಮ್ಮೂರ ಕಾಗಿಣಾ ಹೊಳೆಯ ಮೀನಿನ ಹಾಗೆ ಸಾರಿನ ಮೇಲೆ ಎಣ್ಣೆ ತೇಲುತ್ತಿರಲಿಲ್ಲ. ಅದನ್ನೂ ಹೇಳಿದೆ. ಒಂದು ವಾರ ನನ್ನ ಜೊತೆ ಮಾತು ಬಿಟ್ಟರು, ಎಂಟನೆಯ ದಿನ ಮತ್ತೆ ಕಟ್ಟೆಗೆ ಬಂದು ಕುಳಿತರು.

ಒಂದು ಹಟ ಮಾತ್ರ ಬಿಡಲಿಲ್ಲ. ಮೀನಿಗೆ ಕಾಳುಕಡಿಯದೇ ಮೇವು, ಮಾಂಸ ಮುಟ್ಟಿಸುವುದಿಲ್ಲ. "ಮೀನು ಮಾರೋರಿಗೆ ಇದೆಂಥಾ ಮಡಿರಿ?" ಎಂದು ಕೇಳಿದ್ದಕ್ಕೆ, "ಮಾರೋದು ಹೊಟ್ಟಿಪಾಡು. ತಿನಸೋದು ನನ್ನ ಕೈ" ಎಂದಿದ್ದರು. ರೋಹು, ಕಟ್ಲಾ ಆ ಹಟಕ್ಕೆ ಹೊಂದಿಕೊಂಡವು. ಹೊಂದಿಕೊಳ್ಳದೆ ಹೋದದ್ದು ಕೊರಮೀನು.

ಹಾವಿನಂಥ ತಲೆಯ ಆ ಮೀನಿಗೆ ಹೈದರಾಬಾದಿನಲ್ಲಿ ಗಿರಾಕಿ ಇದೆ ಎಂದು ಯಾರೋ ಕಿವಿಯೂದಿದರು. ಖಣಿಯ ಪಕ್ಕ ಸಣ್ಣ ಹೊಂಡ ತೋಡಿಸಿ ಮರಿ ಬಿಟ್ಟರು. ಕೊರಮೀನು ಬೇಟೆಯ ಜಾತಿ. ಚುನ್ನಿಯ ಉಂಡೆಯನ್ನು ಮೂಸಿ ತಿರುಗಿಬಿಡುತ್ತಿದ್ದವು. ಹಸಿವಾದರೆ ತಿಂದಾವು ಎಂದು ಇವರು ಕಾದರು. ತಲೆಯಷ್ಟೇ ದೊಡ್ಡದಾಗಿ ಮೈ ಬಡಕಲಾಯಿತು. ಒಂದು ಮುಂಜಾನೆ ನನ್ನನ್ನು ಕರೆಸಿದರು. ಹೊಂಡದಲ್ಲಿ ಒಂದು ಕೊರಮೀನಿನ ಬಾಯಿಂದ ಇನ್ನೊಂದರ ಬಾಲ ಹೊರಗೆ ಚಾಚಿತ್ತು, ಇನ್ನೂ ಅಲುಗುತ್ತಿತ್ತು.

"ಒಂದನ್ನೊಂದು ತಿನ್ನಾಕತ್ತಾವ," ಎಂದರು. "ನನ್ನ ಮಡಿ ಇವುಗಳ ಹೊಟ್ಟಿ ಮ್ಯಾಲ ಹೇರಿಬಿಟ್ಟೆ."

ಮನೆಯಿಂದ ಒಣಮೀನಿನ ಪುಡಿ ತಂದೆ. "ನಾ ಕಲಸ್ತೀನ್ರಿ, ನೀವು ಮುಟ್ಟಬ್ಯಾಡ್ರಿ," ಎಂದು ಕೂತೆ. ಅವರು ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು.

"ಉಪಾಸ ಕೆಡವಿದ್ದು ನನ್ನ ಕೈ ತಂಗಿ. ಉಣಸೋದೂ ಇದೇ ಕೈ ಆಗಬೇಕು."

ಎಡಗೈ ಕರಡಿಗೆಯ ಮೇಲಿತ್ತು, ಬಲಗೈ ಒಣಮೀನಿನ ಪುಡಿಯಲ್ಲಿ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕಲಸುವುದನ್ನು ನಿಲ್ಲಿಸಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ಮನುಷ್ಯನನ್ನು ನಾನು ಕಂಡಿಲ್ಲ.

ಅವರ ಹೆಂಡತಿ, ಸಾವುಕಾರ್ತಿ ಅವ್ವ, ಇದನ್ನು ಒಪ್ಪಲಿಲ್ಲ. ಅಂದಿನಿಂದ ಸಾವುಕಾರರು ದಿನಾ ಮಿಲ್ಲಿನ ನಳದ ಕೆಳಗೆ ಜಳಕ ಮಾಡಿಯೇ ಮನೆ ಹೊಗಬೇಕಾಯಿತು. ಥಂಡಿಯಲ್ಲೂ ನಡುಗುತ್ತ ನಳದ ಕೆಳಗೆ ಕೂರುತ್ತಿದ್ದರು. ಹೆಂಡತಿಯ ಮಡಿಯೂ ಅವರಿಗೆ ದೊಡ್ಡದೇ. ಅವ್ವ ಮಾತ್ರ ಒಮ್ಮೆಯೂ ಖಣಿಯ ಕಡೆ ಹಾಯಲಿಲ್ಲ.

ಹೋದ ಚಳಿಗಾಲ ಸಾವುಕಾರರು ಮಿಲ್ಲಿನ ಅಂಗಳದಲ್ಲಿ ಕುಳಿತಲ್ಲೇ ಲಿಂಗೈಕ್ಯರಾದರು. ಮಣ್ಣು ಕೊಟ್ಟು ಬಂದ ಕೆಲವು ದಿನಕ್ಕೆ ಸಾವುಕಾರ್ತಿ ಅವ್ವ ನನ್ನ ಖಾನಾವಳಿಗೆ ಬಂದರು. ಗಂಡ ಕೂರುತ್ತಿದ್ದ ಕಟ್ಟೆಯ ಮೇಲೇ ಕುಳಿತರು. ಸೆರಗಿನ ಚುಂಗು ತಿರುವುತ್ತ ಕೇಳಿದರು:

"ಅವರ ಮೀನ ಹ್ಯಾಂಗ ಇರತಿದ್ವು ತಂಗಿ?"

"ಭಾಳ ಛಲೋ ಇರತಿದ್ವ್ರಿ ಅವ್ವಾರ. ಹಸಿದ ಮೀನ ಒಂದೂ ಇರತಿದ್ದಿಲ್ಲ."

"ಈಗ ಅವಕ್ಕ ಯಾರ್ ಹಾಕ್ತಾರ?"

ಮಿಲ್ಲಿನ ಆಳುಗಳು ಬರಿ ಚುನ್ನಿ ಎಸೆಯುತ್ತಿದ್ದರು. ಕೊರಮೀನಿಗೆ ಏನೂ ಸಿಕ್ಕಿರಲಿಲ್ಲ. ಹಾಗೇ ಹೇಳಿದೆ. ಅವ್ವ ಎದ್ದರು. ಇಬ್ಬರೂ ಹೊಂಡಕ್ಕೆ ಹೋದೆವು. ನಾನು ಮನೆಯಿಂದ ತಂದಿದ್ದ ಒಣಮೀನಿನ ಪುಡಿಗೆ ಕೈ ಹಾಕಬೇಕು ಎನ್ನುವಷ್ಟರಲ್ಲಿ ಅವರು ನನ್ನ ಕೈ ಸರಿಸಿದರು. ತಮ್ಮ ಕೊರಳ ಕರಡಿಗೆಯನ್ನು ಎಡಗೈಯಿಂದ ಎದೆಗೆ ಒತ್ತಿ ಹಿಡಿದು, ಬಲಗೈಯನ್ನು ಬುಟ್ಟಿಗೆ ಇಳಿಸಿದರು. ವಾಸನೆಗೆ ಮುಖ ಸಿಂಡರಿಸಿದರು, ಆದರೆ ಕೈ ತೆಗೆಯಲಿಲ್ಲ.